ವಾರ್ತೆಯಣ್ಣ ಮಾತು ಬಿಟ್ಟ ದಿನ

ಮೈದುನನಿಗೆ ಎರಡು ಕೆಲಸ. ಒಂದು ಸಂಬಳದ್ದು, ಲಿಫ್ಟ್ ರಿಪೇರಿ. ಇನ್ನೊಂದು ಯಾರೂ ಕೇಳದೆ ತಾನಾಗಿ ಮೈಮೇಲೆ ಎಳೆದುಕೊಂಡದ್ದು: ಬಂಧುಬಳಗದಲ್ಲಿ ಯಾರ ಮನೆಯ ಕಂಪ್ಯೂಟರ್ ಕಣ್ಣಿಗೆ ಬಿದ್ದರೂ ಅದನ್ನು ನಡೆಸುವ ವ್ಯವಸ್ಥೆಯನ್ನೇ ಅಳಿಸಿ ಪುಕ್ಕಟೆ ಸಿಗುವ ಲಿನಕ್ಸ್ ಹಾಕುವುದು. ಮೊದಲನೆಯ ಕೆಲಸದಲ್ಲಿ ಇಪ್ಪತ್ತೊಂದು ವರ್ಷಗಳಿಂದ ಅವನ ಮೇಲೆ ಒಂದು ದೂರೂ ಬಂದಿಲ್ಲ. ಎರಡನೆಯದರಲ್ಲಿ ದೂರು ಹೇಳಿ ಹೇಳಿ ಜನ ಸುಸ್ತಾಗಿ ಸುಮ್ಮನಾಗಿದ್ದಾರೆ. ಚಿಕ್ಕಪ್ಪನ ಪ್ರಿಂಟರ್ ಈಗ ಹೂಕುಂಡ ಇಡುವ ಮೇಜು. ಸೋದರತ್ತೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಬರಬೇಕೆಂದರೆ ಮುಚ್ಚಳವನ್ನು ಒಮ್ಮೆ ಮುಚ್ಚಿ, ಹತ್ತು ಎಣಿಸಿ, ಮತ್ತೆ ತೆರೆಯಬೇಕು. ಇವನು ಗೇಟು ತೆಗೆದ ಸದ್ದಾದರೆ ಕೆಲವರು ಕಂಪ್ಯೂಟರ್ ಎತ್ತಿ ಬೀರುವಿನೊಳಗೆ ಇಡುತ್ತಾರೆ ಎಂಬ ಸುದ್ದಿ ಅವನ ಕಿವಿಗೂ ಬಿದ್ದಿದೆ. ಅದು ಸುಳ್ಳು ಎಂದು ವಾದಿಸುವ ಧೈರ್ಯ ಅವನಿಗಿಲ್ಲ.

ಅವನ ಆಳ್ವಿಕೆ ಅಡ್ಡಿಯಿಲ್ಲದೆ ನಡೆಯುತ್ತಿದ್ದದ್ದು ಒಂದೇ ಕಂಪ್ಯೂಟರಿನ ಮೇಲೆ, ಅದು ಅತ್ತಿಗೆಯದ್ದು.

ಅತ್ತಿಗೆಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹದಿನಾಲ್ಕು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಫೋನ್ ಮಾಡಿದವರು ಬಾಯಿ ಬಿಡುವ ಮೊದಲು ಎಳೆದ ಉಸಿರಿನಿಂದಲೇ ಯಾವ ವಾರ್ಡಿಗೆ ಕೊಡಬೇಕೆಂದು ಹೇಳುತ್ತಿದ್ದರಂತೆ. ಎರಡು ವರ್ಷದ ಹಿಂದೆ ಆಸ್ಪತ್ರೆಯವರು ಅವರ ಕುರ್ಚಿಗೆ ಬದಲಾಗಿ ‘ಇದಕ್ಕಾದರೆ ಒಂದನ್ನು ಒತ್ತಿ, ಅದಕ್ಕಾದರೆ ಎರಡನ್ನು ಒತ್ತಿ’ ಎನ್ನುವ ಯಂತ್ರ ತಂದರು. ಅಂದಿನಿಂದ ಅತ್ತಿಗೆ ಮನೆಯಲ್ಲಿದ್ದಾರೆ. ಕಳಿಸಿದ ಅರ್ಜಿಗಳು ಎಷ್ಟೋ. ಬಂದ ಉತ್ತರಗಳಲ್ಲಿ ಎಲ್ಲರೂ ಬಹಳ ವಿನಯದಿಂದ ಬೇಡ ಅಂದಿದ್ದರು.

ಅವರ ಕಂಪ್ಯೂಟರ್ ಮಾತಾಡುತ್ತದೆ. ಪರದೆಯ ಮೇಲೆ ಏನಿದೆಯೋ ಅದನ್ನು ಓದಿ ಹೇಳುವ ಒಂದು ಪ್ರೋಗ್ರಾಂ ಅದರಲ್ಲಿದೆ. ಸಾವಿನ ಸುದ್ದಿಯಾಗಲಿ ಸೋಪಿನ ಜಾಹೀರಾತಾಗಲಿ ಒಂದೇ ಸ್ವರದಲ್ಲಿ ಓದುವ ಆ ಗಂಡು ಧ್ವನಿಗೆ ಅತ್ತಿಗೆ ವಾರ್ತೆಯಣ್ಣ ಎಂದು ಹೆಸರಿಟ್ಟಿದ್ದರು. ಅವನನ್ನು ಅವರು ಕೇಳುತ್ತಿದ್ದ ವೇಗವೋ ದೇವರೇ ಬಲ್ಲ. ಬೇರೆಯವರಿಗೆ ಅದು ತಗಡಿನ ಮೇಲೆ ಕಡಲೆ ಸುರಿದ ಸದ್ದು. ಅತ್ತಿಗೆ ಮಾತ್ರ ಅದನ್ನು ಕೇಳುತ್ತ, ನಡುವೆ ನಗುತ್ತ, ಅಷ್ಟೇ ವೇಗವಾಗಿ ಉತ್ತರ ಟೈಪ್ ಮಾಡುತ್ತಿದ್ದರು.

ಈ ವಾರ್ತೆಯಣ್ಣನಿಗೂ ಮೈದುನನಿಗೂ ಆಗಿಬರುತ್ತಿರಲಿಲ್ಲ. ಕಾರಣ ಇದೆ.

ಲಿಫ್ಟ್ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಬಾಗಿಲಿಗೆ ‘ರಿಪೇರಿ ನಡೆಯುತ್ತಿದೆ’ ಎಂಬ ಫಲಕ. ಎರಡನೆಯದು, ಅಪಾಯದ ಗಂಟೆಯ ಬಾಯಿ ಮುಚ್ಚಿಸುವುದು. ಇಲ್ಲದಿದ್ದರೆ ತಂತಿ ಮುಟ್ಟಿದಾಗಲೆಲ್ಲ ಅದು ಬಡಿದುಕೊಂಡು ಕಟ್ಟಡದ ಜನವೆಲ್ಲ ಮೆಟ್ಟಿಲಿಗೆ ಓಡಿ ಬರುತ್ತಾರೆ. ಆಮೇಲೆ ಕೆಲಸ. ಕೆಲಸ ಮುಗಿದು ಲಿಫ್ಟು ಮೇಲೆ ಕೆಳಗೆ ಸರಿಯಾಗಿ ಓಡಿದ ಮೇಲೆ ಕೊನೆಯದಾಗಿ ಗಂಟೆಗೆ ಮತ್ತೆ ಬಾಯಿ ಕೊಟ್ಟು, ಒಮ್ಮೆ ಬಾರಿಸಿ, ಪುಸ್ತಕದಲ್ಲಿ ಸಹಿ. ಇಪ್ಪತ್ತೊಂದು ವರ್ಷದ ಅಭ್ಯಾಸ. ಈಗ ಅದು ತಲೆಯ ತನಕ ಹೋಗುವುದೇ ಇಲ್ಲ, ಕೈಯೇ ಮಾಡಿ ಮುಗಿಸುತ್ತದೆ.

ಅತ್ತಿಗೆಯ ಕಂಪ್ಯೂಟರಿಗೂ ಅದೇ ಕ್ರಮ. ಕುರ್ಚಿ ಎಳೆದುಕೊಳ್ಳುವುದು, ಎಡಗಡೆಯ ಸ್ಪೀಕರ್ ಡಬ್ಬಿಯ ಹಿಂದಿರುವ ಗುಂಡನೆಯ ನಾಬ್ ತಿರುಗಿಸಿ ವಾರ್ತೆಯಣ್ಣನ ಬಾಯಿ ಮುಚ್ಚಿಸುವುದು, ಆಮೇಲೆ ಕೆಲಸ. ಎಲ್ಲ ಮುಗಿದ ಮೇಲೆ ನಾಬ್ ಮತ್ತೆ ಮೊದಲಿನ ಜಾಗಕ್ಕೆ. ಅತ್ತಿಗೆ ಸದ್ದು ಹೆಚ್ಚು ಕಡಿಮೆ ಮಾಡುವುದೆಲ್ಲ ಕೀಬೋರ್ಡಿನಿಂದ. ಇವನೂ ಹಾಗೆಯೇ ಮಾಡುತ್ತಾನೆಂದು ತಿಳಿದಿದ್ದರು. ಡಬ್ಬಿಯ ಹಿಂದೆ ಅಂಥದೊಂದು ನಾಬ್ ಇರುವುದನ್ನು ಅವರು ಮರೆತೇ ಬಿಟ್ಟಿದ್ದರು.

ತಲೆನೋವು ಬರುತ್ತದೆ, ಅದಕ್ಕೆ ಬಾಯಿ ಮುಚ್ಚಿಸುತ್ತೇನೆ ಎಂದು ಅವನು ಹೇಳುತ್ತಿದ್ದ. ನಿಜ ಬೇರೆಯೇ ಇತ್ತು. ಇವನು ಒಂದು ಆಜ್ಞೆ ತಪ್ಪಾಗಿ ಟೈಪ್ ಮಾಡಿದರೆ ವಾರ್ತೆಯಣ್ಣ ಮುಲಾಜಿಲ್ಲದೆ ‘ಅಂಥ ಆಜ್ಞೆ ಇಲ್ಲ’ ಎನ್ನುತ್ತಿದ್ದ. ಮತ್ತೆ ತಪ್ಪಿದರೆ ಮತ್ತೆ ‘ಅಂಥ ಆಜ್ಞೆ ಇಲ್ಲ’. ಮೂರು ಸಲ ಹೀಗಾದರೆ ಅಡುಗೆಮನೆಯಿಂದ ಅತ್ತಿಗೆಯ ನಗು ಕೇಳುತ್ತಿತ್ತು. ಬಾಯಿ ಮುಚ್ಚಿಸಿ ಕೂತರೆ ಎಂಟು ಸಲ ತಪ್ಪಿ ಒಂಬತ್ತನೆಯ ಸಲ ಸರಿಯಾದರೂ ಹಣೆ ಒರೆಸಿಕೊಂಡು ‘ಬಹಳ ಜಟಿಲ ಇತ್ತು ಅತ್ತಿಗೆ’ ಎನ್ನಬಹುದು. ಆರು ವರ್ಷಗಳಿಂದ ಅವನು ಹೀಗೆಯೇ ಮಾನ ಉಳಿಸಿಕೊಂಡು ಬಂದಿದ್ದ.

ಆ ಗುರುವಾರದ ಹಿಂದಿನ ದಿನ ಅತ್ತಿಗೆಯ ಫೋನ್ ಬಂತು.

“ನಾಳೆ ಮೂರು ಗಂಟೆಗೆ ನನಗೊಂದು ಪರೀಕ್ಷೆ ಇದೆ,” ಅಂದರು. ದೊಡ್ಡ ದೊಡ್ಡ ವಿಚಾರಣೆಗಳ ಧ್ವನಿಮುದ್ರಣ ಕೇಳಿ ಬರಹಕ್ಕೆ ಇಳಿಸುವ ಕಚೇರಿಯೊಂದರಿಂದ ಕರೆ ಬಂದಿತ್ತು. ಮನೆಯಲ್ಲೇ ಕೂತು, ಅವರು ಕಳಿಸುವ ಮುದ್ರಣ ಕೇಳಿ, ಒಂದು ಗಂಟೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ತಪ್ಪಿಲ್ಲದೆ ಟೈಪ್ ಮಾಡಬೇಕು. ಒಂದೇ ಅವಕಾಶ, ಹೊತ್ತು ತಪ್ಪಿದರೆ ಮುಂದಿನವರಿಗೆ ಹೋಗುತ್ತದೆ. “ಎರಡು ವರ್ಷದಲ್ಲಿ ಮೊದಲ್ನೇ ಸಲ ಯಾರೋ ಕರೆದಿದಾರೆ ಕಣೋ. ಅವರ ಪುಟ ತೆರೆಯಕ್ಕೆ ಬ್ರೌಸರ್ ಹೊಸದಿರಬೇಕಂತೆ. ಅದೊಂದು ಮಾಡಿಕೊಡು. ಅದೊಂದೇ. ಬೇರೆ ಯಾವುದಕ್ಕೂ ಕೈ ಹಾಕ್ಬೇಡ.”

“ಅಯ್ಯೋ, ಎರಡು ನಿಮಿಷದ ಕೆಲಸ ಅತ್ತಿಗೆ,” ಅಂದ ಮೈದುನ. ಈ ‘ಎರಡು ನಿಮಿಷ’ ಎಂಬ ಮಾತು ತನ್ನ ಬಾಯಿಂದ ಬಂದಾಗಲೆಲ್ಲ ಯಾರದೋ ಒಂದು ದಿನ ಹಾಳಾಗಿದೆ ಎಂಬುದು ಅವನಿಗೆ ನೆನಪಾಗಬೇಕಿತ್ತು. ಆಗಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಹತ್ತು ಗಂಟೆಗೆ ಬಂದ. ಅಣ್ಣ ಬಸ್ ಓಡಿಸುವವನು, ಬೆಳಗಿನ ಪಾಳಿಗೆ ಹೋಗಿದ್ದ. ಅತ್ತಿಗೆ ಒಳಕೋಣೆಯಲ್ಲಿ ನೀಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಪರೀಕ್ಷೆಯಲ್ಲಿ ಇವರನ್ನು ಯಾರೂ ನೋಡುವುದಿಲ್ಲವಲ್ಲ ಎಂದು ಅವನು ಕೇಳಿದ್ದಕ್ಕೆ, “ನಾನೂ ಅವರನ್ನ ನೋಡಲ್ಲ, ಅದಕ್ಕೆ ಮುದುಡಿದ ಬಟ್ಟೆ ಹಾಕ್ಕೊಳ್ಳಕ್ಕಾಗತ್ತಾ?” ಅಂದರು.

ಮೈದುನ ಕುರ್ಚಿ ಎಳೆದುಕೊಂಡ. ಕೈ ತನ್ನ ಪಾಡಿಗೆ ತಾನು ಡಬ್ಬಿಯ ಹಿಂದೆ ಹೋಗಿ ಬಂತು. ಕೆಲಸ ಶುರುವಾಯಿತು.

ಬ್ರೌಸರ್ ಒಂದನ್ನೇ ಹೊಸದು ಮಾಡುವ ಆಜ್ಞೆ ಅವನಿಗೆ ಗೊತ್ತಿತ್ತು. ಆದರೆ ಮೂಲೆಯಲ್ಲಿ ಚಿಕ್ಕದೊಂದು ಸೂಚನೆ ಮಿನುಗುತ್ತಿತ್ತು: ಮುನ್ನೂರ ಹನ್ನೆರಡು ಅಪ್‌ಡೇಟ್‌ಗಳು ಕಾಯುತ್ತಿವೆ. ಮುನ್ನೂರ ಹನ್ನೆರಡು! ಕೆಲವರಿಗೆ ಸಿಹಿ ಕಂಡರೆ ಆಗುವುದು ಇವನಿಗೆ ಇಂಥ ಸಂಖ್ಯೆ ಕಂಡರೆ ಆಗುತ್ತದೆ. ಬಂದದ್ದು ಬಂದಾಗಿದೆ, ಎಲ್ಲ ಒಟ್ಟಿಗೆ ಮಾಡಿಬಿಟ್ಟರೆ ಅತ್ತಿಗೆಗೂ ಒಳ್ಳೆಯದು ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡು ಒತ್ತಿಯೇ ಬಿಟ್ಟ. ಸಾಲುಗಳು ಸರಸರ ಮೇಲೇರತೊಡಗಿದವು. ಅದನ್ನು ನೋಡುತ್ತ ಕೂರುವುದರಲ್ಲಿ ಒಂದು ಸುಖವಿದೆ: ಏನೂ ಮಾಡದೆ ಏನೋ ಮಹತ್ತರವಾದದ್ದು ಮಾಡುತ್ತಿರುವ ಹಾಗೆ ಅನಿಸುತ್ತದೆ. ಲಿನಕ್ಸಿನ ಮೇಲೆ ತನಗಿರುವ ಪ್ರೀತಿಯ ಮುಕ್ಕಾಲು ಪಾಲು ಈ ಸುಖದ ಮೇಲಿನ ಪ್ರೀತಿ ಎಂದು ಅವನಿಗೆ ಒಮ್ಮೊಮ್ಮೆ ಅನುಮಾನ ಬರುತ್ತದೆ.

ಹನ್ನೊಂದಕ್ಕೆ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಎಲ್ಲವೂ ಬಂತು. ಬ್ರೌಸರ್ ಹೊಸದಾಗಿತ್ತು. ಇನ್ನು ಕೊನೆಯದಾಗಿ ವಾರ್ತೆಯಣ್ಣ ಸರಿಯಾಗಿ ಓದುತ್ತಾನೋ ನೋಡೋಣವೆಂದು ಅವನನ್ನು ಎಬ್ಬಿಸಿದ.

ವಾರ್ತೆಯಣ್ಣ ಮಾತಾಡಲಿಲ್ಲ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದ. ಮಾತಿಲ್ಲ. ಒಂದು ಹಾಡು ಹಾಕಿದ. ಸದ್ದಿಲ್ಲ.

ನೀವು ಕೇಳಬಹುದು: ನಾಬ್ ಎಲ್ಲಿ ಹೋಯಿತು ಎಂದು. ಅದೇ ಈ ಕಥೆಯ ಹೊಟ್ಟೆನೋವು. ಗಂಟೆಗೆ ಬಾಯಿ ಕೊಡುವುದು ಕೆಲಸ ಮುಗಿದ ಮೇಲೆ. ಲಿಫ್ಟು ಓಡದೆ ಕೆಲಸ ಮುಗಿಯುವುದಿಲ್ಲ. ಇಲ್ಲಿ ವಾರ್ತೆಯಣ್ಣ ಮಾತಾಡದೆ ಕೆಲಸ ಮುಗಿಯುವುದಿಲ್ಲ. ಕೆಲಸ ಮುಗಿಯದೆ ಕೈ ಡಬ್ಬಿಯ ಹಿಂದೆ ಹೋಗುವುದಿಲ್ಲ. ಹಿಂದೆಲ್ಲ ಅವನು ಮಾಡುತ್ತಿದ್ದದ್ದು ಧ್ವನಿಗೆ ಸಂಬಂಧವಿಲ್ಲದ ಕೆಲಸ. ಮುಗಿಯುತ್ತಿತ್ತು, ಕೈ ಹೋಗುತ್ತಿತ್ತು. ಇವತ್ತು ಮೊದಲ ಸಲ ಧ್ವನಿಯನ್ನೇ ಪರೀಕ್ಷೆ ಮಾಡಲು ಕೂತಿದ್ದ. ಇಪ್ಪತ್ತೊಂದು ವರ್ಷದ ಶಿಸ್ತು ಅವನನ್ನು ಗೋಡೆಗೆ ಕಟ್ಟಿಹಾಕಿದ ಹಾಗಾಯಿತು, ಮತ್ತು ಹಗ್ಗ ಕಟ್ಟಿದವನಿಗೇ ಹಗ್ಗ ಕಾಣಲಿಲ್ಲ.

“ಧ್ವನಿಯ ಡ್ರೈವರ್ ಹೋಗಿದೆ,” ಎಂದು ತನ್ನಷ್ಟಕ್ಕೆ ತೀರ್ಪು ಕೊಟ್ಟ. ಡ್ರೈವರ್ ಎಂದರೆ ಯಂತ್ರದ ಒಂದೊಂದು ಭಾಗವನ್ನೂ ಮಾತಾಡಿಸಿ ಕೆಲಸ ಮಾಡಿಸುವ ಚಿಕ್ಕ ಪ್ರೋಗ್ರಾಂ. ಪರದೆಯ ಮೇಲೆ ಸದ್ದಿನ ಅಳತೆಗೋಲು ಹಾಡಿಗೆ ತಕ್ಕಂತೆ ಕುಣಿಯುತ್ತಿತ್ತು. ಎಲ್ಲ ಸರಿಯಿದೆ ಸ್ವಾಮಿ ಎಂದು ಕಂಪ್ಯೂಟರ್ ತನ್ನಿಂದಾದಷ್ಟು ಹೇಳುತ್ತಿತ್ತು. ಇದು ಸುಳ್ಳು ಹೇಳುತ್ತಿದೆ ಎಂದು ಮೈದುನ ಅದನ್ನೇ ಬೈದ. ಕಾಣಿಸಿದ ಸದ್ದಿನ ಪಟ್ಟಿಗಳನ್ನೆಲ್ಲ ತುದಿಯವರೆಗೆ ಏರಿಸಿದ.

“ಆಯ್ತೇನೋ?” ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. “ಯಾಕೆ ಇವನು ಸುಮ್ನಿದಾನೆ?”

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ‘ನೀವು ಒಂದೇ ಅಂದಿರಿ, ನಾನು ಮುನ್ನೂರ ಹನ್ನೆರಡು ಮಾಡಿದೆ’ ಅಂದಿದ್ದರೆ ಮುಗಿಯುತ್ತಿತ್ತು.

“ಅಪ್‌ಡೇಟ್ ಬಿಟ್ಟವರು ಏನೋ ಎಡವಟ್ಟು ಮಾಡಿದಾರೆ ಅತ್ತಿಗೆ. ಎಲ್ಲರ ಮನೇಲೂ ಇವತ್ತು ಹೀಗೇ ಆಗಿದೆಯಂತೆ. ನೀವೇನೂ ಯೋಚ್ನೆ ಮಾಡ್ಬೇಡಿ.”

“ಬ್ರೌಸರ್ ಅಪ್‌ಡೇಟಿಗೆ ಧ್ವನಿ ಯಾಕೆ ಹೋಗತ್ತೆ?”

“ಅದು ಸ್ವಲ್ಪ ಜಟಿಲ.”

ಅತ್ತಿಗೆ ಉಸಿರಿನಿಂದಲೇ ವಾರ್ಡು ಗುರುತಿಸುತ್ತಿದ್ದವರು. ಇವನ ಉಸಿರಿನಲ್ಲಿ ಏನು ಕೇಳಿಸಿತೋ, ಒಳಗೆ ಹೋದರು. ಇಸ್ತ್ರಿಪೆಟ್ಟಿಗೆಯನ್ನು ಎಂದಿಗಿಂತ ಸ್ವಲ್ಪ ಜೋರಾಗಿ ಕೆಳಗಿಟ್ಟ ಸದ್ದು ಬಂತು.

ಧ್ವನಿಗೆ ಸಂಬಂಧಪಟ್ಟದ್ದನ್ನೆಲ್ಲ ಕಿತ್ತು ಹಾಕಿ ಹೊಸದಾಗಿ ಕೂರಿಸುವುದೆಂದು ಮೈದುನ ತೀರ್ಮಾನಿಸಿದ. ಅತ್ತಿಗೆಯ ಸೆಟ್ಟಿಂಗ್‌ಗಳಿದ್ದ ಹಳೆಯ ಫೋಲ್ಡರನ್ನು ಮಾತ್ರ ಅಳಿಸದೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಟ್ಟ. ಲಿಫ್ಟಿನಲ್ಲೂ ಹೊಸ ಭಾಗ ಓಡುವ ತನಕ ಹಳೆಯದನ್ನು ಎಸೆಯುವಂತಿಲ್ಲ. ಆ ದಿನ ಅವನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ, ಅದೂ ಅಭ್ಯಾಸಬಲದಿಂದ.

ಕಿತ್ತುಹಾಕುವ ಆಜ್ಞೆ ಕೊಟ್ಟಾಗ ಪರದೆಯ ಮೇಲೆ ಉದ್ದನೆಯ ಪಟ್ಟಿ ಬಂತು. ಇವಿಷ್ಟನ್ನು ತೆಗೆದುಹಾಕುತ್ತೇನೆ, ಮುಂದುವರಿಯಲೇ, ಹೌದು ಅಥವಾ ಬೇಡ ಎಂದು ಕೊನೆಯಲ್ಲಿ ಕೇಳಿತು. ಲಿಫ್ಟಿನ ನಕ್ಷೆಯನ್ನು ಮೂರು ಸಲ ಓದದೆ ಸ್ಕ್ರೂಡ್ರೈವರ್ ಎತ್ತದ ಮನುಷ್ಯ ಈ ಪಟ್ಟಿಯ ಮೊದಲ ಸಾಲನ್ನೂ ಪೂರ್ತಿ ಓದದೆ ‘ಹೌದು’ ಒತ್ತಿದ. ಪಟ್ಟಿಯ ನಡುವೆ ಎಲ್ಲೋ, ಧ್ವನಿಯನ್ನು ಆಧರಿಸಿಕೊಂಡಿದ್ದ ಡೆಸ್ಕ್‌ಟಾಪ್ ಕೂಡ ಇತ್ತು. ಕಿಟಕಿಗಳು, ಚಿತ್ರಗಳು, ಗುಂಡಿಗಳು ಎಲ್ಲವೂ ಗೋವಿಂದ. ಮತ್ತೆ ಹಚ್ಚಿದಾಗ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

ಮೈದುನ ಗಡಿಯಾರ ನೋಡಿದ, ಹನ್ನೆರಡು ಹತ್ತು. ಇಂಥ ಹೊತ್ತಿನಲ್ಲಿ ಜನ ದೇವರನ್ನು ನೆನೆಯುತ್ತಾರೆ; ಅವನಿಗೆ ಚಿಕ್ಕಪ್ಪನ ಪ್ರಿಂಟರಿನ ಮೇಲಿನ ಹೂಕುಂಡ ನೆನಪಾಯಿತು.

ಡೆಸ್ಕ್‌ಟಾಪನ್ನು ಮತ್ತೆ ಇಳಿಸಿಕೊಂಡು ಕೂರಿಸುವಷ್ಟರಲ್ಲಿ ಒಂದೂವರೆ. ಎಲ್ಲ ಮೊದಲಿನ ಹಾಗೆ ಕಂಡಿತು. ಸದ್ದಿನ ಪಟ್ಟಿಗಳನ್ನು ಮತ್ತೆ ತುದಿಗೇರಿಸಿ ವಾರ್ತೆಯಣ್ಣನನ್ನು ಎಬ್ಬಿಸಿದ; ಮೌನವೂ ಮೊದಲಿನ ಹಾಗೆಯೇ ಇತ್ತು. ಕೊನೆಗೆ, ಮಾನ ಬಿಟ್ಟು ಮಾಡುವ ಕೆಲಸ ಮಾಡಿದ. ಲಿನಕ್ಸ್ ಬಳಸುವವರೆಲ್ಲ ಸೇರುವ ಚರ್ಚಾಕಟ್ಟೆ ಒಂದು ಅಂತರ್ಜಾಲದಲ್ಲಿ ಇದೆ. ಅಲ್ಲಿ ಇವನು ಆರು ವರ್ಷಗಳಿಂದ ಬೇರೆಯವರಿಗೆ ಬುದ್ಧಿ ಹೇಳಿಕೊಂಡಿದ್ದವನು. ಅಲ್ಲಿನವರ ಹತ್ತಿರ ಸುಳ್ಳು ನಡೆಯುವುದಿಲ್ಲ. ಏನು ಮಾಡಿದೆ ಎಂದು ಇದ್ದದ್ದು ಇದ್ದ ಹಾಗೆ ಬರೆಯದಿದ್ದರೆ ಯಾರೂ ಸಹಾಯಕ್ಕೆ ಬರುವುದಿಲ್ಲ. ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆದ. ಬರೆಯುವಾಗ ಬೆರಳು ಎರಡು ಕಡೆ ನಿಂತಿತು, ಆದರೂ ಬರೆದ.

ಐದು ನಿಮಿಷಕ್ಕೆ ಉತ್ತರ ಬಂತು. ಯಾರೋ ‘ಸಣ್ಣಮೀಸೆ’ ಎಂಬ ಹೆಸರಿನವನು: ‘ಸ್ಪೀಕರ್ ಆನ್ ಇದೆಯಾ ನೋಡಿದ್ರಾ?’

ಮೈದುನನಿಗೆ ಮೈಯೆಲ್ಲ ಉರಿದುಹೋಯಿತು. ಲಿಫ್ಟ್ ಕೆಟ್ಟಿದೆ ಎಂದು ಫೋನ್ ಮಾಡುವವರನ್ನು ‘ಬಾಗಿಲ ನಡುವೆ ಕುರ್ಚಿ ಇಟ್ಟಿದೀರಾ ನೋಡಿ’ ಎಂದು ದಿನಕ್ಕೆ ನಾಲ್ಕು ಸಲ ಕೇಳುವವನು ಅವನೇ, ಮತ್ತು ನಾಲ್ಕರಲ್ಲಿ ಎರಡು ಸಲ ಕುರ್ಚಿ ಇದ್ದೇ ಇರುತ್ತದೆ. ಆದರೆ ಅವರು ಸಾಮಾನ್ಯ ಜನ! ಡಬ್ಬಿಯ ಮುಂದುಗಡೆ ಸ್ಪೀಕರಿನ ಹಸಿರು ದೀಪ ಉರಿಯುತ್ತಿತ್ತು. ಅದನ್ನೇ ಪ್ರಮಾಣವಾಗಿಟ್ಟುಕೊಂಡು ಅವನು ಸಣ್ಣಮೀಸೆಗೆ ಒಂದು ಉತ್ತರ ಕುಟ್ಟಿದ. ಆಮೇಲೆ ಅರ್ಧ ನಿಮಿಷಕ್ಕೊಮ್ಮೆ ಪುಟವನ್ನು ಹೊಸದು ಮಾಡಿ ಮಾಡಿ ನೋಡಿದ. ಬೇರೆ ಯಾರೂ ಬರಲಿಲ್ಲ.

ಎರಡೂಕಾಲಿಗೆ ಅಣ್ಣ ಬಂದ. ಚಪ್ಪಲಿ ಬಿಟ್ಟು, ಒಳಗಿನ ಮುಖಗಳನ್ನು ನೋಡಿ, ನೀರು ಕುಡಿದ. ಅತ್ತಿಗೆ ನೀಲಿ ಬಟ್ಟೆ ಉಟ್ಟು, ತಲೆ ಬಾಚಿಕೊಂಡು ಬಂದು ಮೈದುನನ ಪಕ್ಕದ ಮಣೆಯ ಮೇಲೆ ಕೂತರು. ಅವರ ಕೈಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

“ಈಗ ಎಷ್ಟು ಗಂಟೆ?”

“ಎರಡೂವರೆ,” ಅಂದ ಅಣ್ಣ.

“ನಿಜ ಹೇಳು. ಆಗಲ್ಲ ಅಂದ್ರೆ ಆಗಲ್ಲ ಅನ್ನು. ಅವರಿಗೆ ಫೋನ್ ಮಾಡಿ ಹೇಳ್ಬಿಡ್ತೀನಿ. ಸುಮ್ನೆ ಕೂತು ಕಾಯಿಸೋದು ಬೇಡ.”

ಎರಡು ವರ್ಷ ಕಾದು ಬಂದ ಒಂದೇ ಒಂದು ಕರೆಯನ್ನು ತಾನು ಒಂದು ಬೆಳಗ್ಗೆಯಲ್ಲಿ ನುಂಗಿ ನೀರು ಕುಡಿದೆನಲ್ಲ ಎಂದು ಮೈದುನನಿಗೆ ಅಳು ಬರುವ ಹಾಗಾಯಿತು. “ನನಗೆ ಗೊತ್ತಾಗ್ತಿಲ್ಲ ಅತ್ತಿಗೆ,” ಅಂದ. ಆರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತು ಆ ಮಾತನ್ನು ಹೇಳಿದ್ದು ಅದೇ ಮೊದಲು. ಹೇಳಿ, ಏನೂ ತೋಚದೆ ಮತ್ತೊಮ್ಮೆ ಪುಟ ಹೊಸದು ಮಾಡುವ ಗುಂಡಿ ಒತ್ತಿದ.

“ಹಾಗಾದ್ರೆ ಮೊದಲಿಂದ ಹೇಳು,” ಅಂದರು ಅತ್ತಿಗೆ. “ಬೆಳಿಗ್ಗೆ ಬಂದಾಗ್ಲಿಂದ. ಏನೂ ಬಿಡ್ಬೇಡ. ಆಸ್ಪತ್ರೇಲಿ ಫೋನ್ ಮಾಡೋರು ಎಲ್ಲಾ ಹೇಳಿ ಬೇಕಾದ್ದೇ ಬಿಡೋರು.”

“ಮೊದಲು ಅಪ್‌ಡೇಟ್ ಹಾಕ್ದೆ.”

“ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೆ ಏನಿದೆ? ಬಂದೆ, ನಿಮ್ಮ ಹತ್ರ ಮಾತಾಡ್ದೆ, ಕುರ್ಚಿ ಎಳ್ಕೊಂಡೆ.”

“ಕುರ್ಚಿ ಎಳ್ಕೊಂಡು?”

“ಎಳ್ಕೊಂಡು… ಕೂತೆ.”

“ಸುಳ್ಳು. ನೀನು ಕೂತ ತಕ್ಷಣ ಕೆಲಸ ಶುರು ಮಾಡಲ್ಲ. ಕುರ್ಚಿ ಕಿರ್ ಅಂತು, ಆಮೇಲೆ ನಿನ್ನ ಅಂಗಿ ತೋಳು ಮೇಜಿನ ಅಂಚಿಗೆ ಉಜ್ಜಿತು. ಆಮೇಲೇ ಕೀಬೋರ್ಡು ಸದ್ದು ಮಾಡಿದ್ದು. ಯಾವಾಗ್ಲೂ ಹಾಗೇನೇ. ತೋಳು ಎಲ್ಲಿಗೆ ಹೋಗಿತ್ತು?”

ಮೈದುನ ತನ್ನ ಎಡಗೈಯನ್ನು ನೋಡಿದ. ಕೈ, ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ, ನಿಧಾನವಾಗಿ ಮೇಜಿನ ಅಂಚು ದಾಟಿ ಎಡಗಡೆಯ ಡಬ್ಬಿಯ ಹಿಂದೆ ಹೋಯಿತು. ಅಲ್ಲಿ ಗುಂಡನೆಯ ನಾಬ್ ಸಿಕ್ಕಿತು. ಅದು ಸೊನ್ನೆಯಲ್ಲಿತ್ತು.

ಆ ಕ್ಷಣದಲ್ಲಿ ಭೂಮಿ ಬಾಯಿ ಬಿಡಬಾರದೇ ಎಂದು ಬೇಡಿಕೊಳ್ಳುತ್ತ ಅವನು ನಾಬ್ ತಿರುಗಿಸಿದ.

ಪರದೆಯ ಮೇಲಿನ ಪಟ್ಟಿಗಳನ್ನೆಲ್ಲ ತುದಿಗೇರಿಸಿದ್ದನಲ್ಲ, ವಾರ್ತೆಯಣ್ಣ ಗೋಡೆ ಅದುರುವ ಹಾಗೆ ಮಾತಾಡಿದ. ಬೆಳಗಿನಿಂದ ಅವನು ಮಾತು ನಿಲ್ಲಿಸಿರಲೇ ಇಲ್ಲ. ಪುಟ ಹೊಸದಾದಾಗಲೆಲ್ಲ ಮೇಲಿನಿಂದ ಓದುತ್ತಲೇ ಇದ್ದ, ಈಗಲೂ ಓದುತ್ತಿದ್ದ. ಸೆಟ್ಟಿಂಗ್‌ಗಳೆಲ್ಲ ಹೊಸದಾಗಿದ್ದರಿಂದ ಅತ್ತಿಗೆಯ ವೇಗ ಹೋಗಿ ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಎಲ್ಲರಿಗೂ ತಿಳಿಯುವ ಹಾಗೆ ಓದುತ್ತಿದ್ದ.

“…ಬ್ರೌಸರ್ ಒಂದನ್ನೇ ಹೊಸದು ಮಾಡಲು ಹೇಳಿದ್ದರು. ನಾನು ಮುನ್ನೂರ ಹನ್ನೆರಡನ್ನೂ ಮಾಡಿದೆ. ಧ್ವನಿ ಹೋಯಿತು. ಸರಿ ಮಾಡಲು ಹೋಗಿ ಡೆಸ್ಕ್‌ಟಾಪನ್ನೇ ಕಿತ್ತು ಹಾಕಿದೆ. ಇದು ನನ್ನ ಅತ್ತಿಗೆಯ ಕಂಪ್ಯೂಟರ್. ಅವರಿಗೆ ಕಣ್ಣು ಕಾಣುವುದಿಲ್ಲ. ಮೂರು ಗಂಟೆಗೆ ಅವರಿಗೆ ಕೆಲಸದ ಪರೀಕ್ಷೆ. ತಪ್ಪು ಅಪ್‌ಡೇಟ್ ಬಿಟ್ಟವರದ್ದು ಎಂದು ಅವರಿಗೆ ಹೇಳಿದ್ದೇನೆ. ತಪ್ಪು ನನ್ನದು. ಹೇಳಲು ಧೈರ್ಯ ಬರುತ್ತಿಲ್ಲ. ದಯವಿಟ್ಟು ಬೇಗ ಯಾರಾದರೂ ಸಹಾಯ ಮಾಡಿ.”

ಮೈದುನ ನಾಬಿಗೆ ಕೈ ಹಾಕಲು ಹೋದ. ಅತ್ತಿಗೆ ಅವನ ಮಣಿಕಟ್ಟು ಹಿಡಿದುಕೊಂಡರು. ವಾರ್ತೆಯಣ್ಣನಿಗೆ ಇನ್ನೂ ಓದುವುದಿತ್ತು.

“ಸಣ್ಣಮೀಸೆ. ಉತ್ತರ. ಸ್ಪೀಕರ್ ಆನ್ ಇದೆಯಾ ನೋಡಿದ್ರಾ. ಲಿಫ್ಟ್‌ಗುರು. ಉತ್ತರ. ನಾನು ಇಪ್ಪತ್ತೊಂದು ವರ್ಷ ಅನುಭವ ಇರುವ ತಂತ್ರಜ್ಞ. ಇಂಥ ಬಾಲಿಶ ಪ್ರಶ್ನೆ ಕೇಳಿ ನನ್ನ ಸಮಯ ಹಾಳು ಮಾಡಬೇಡಿ.”

ಅಣ್ಣ ಮೊದಲು ಕೆಮ್ಮಿದ. ಆಮೇಲೆ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಕೂತು ನಕ್ಕ. “ಲಿಫ್ಟ್‌ಗುರು!” ಎಂದು ಒಂದು ಸಲ ಹೇಳುವುದು, ಮತ್ತೆ ನಗುವುದು.

ಅತ್ತಿಗೆ ನಗಲಿಲ್ಲ. “ನಿನಗೆ ಬೈಯೋದಿದೆ,” ಅಂದರು. “ಆದ್ರೆ ಈಗ ಟೈಮಿಲ್ಲ, ನಾಲ್ಕು ಗಂಟೆ ಮೇಲೆ ಬೈತೀನಿ. ಈ ನಡಿಗೆಗೆ ನನ್ನ ಕೈಲಿ ಪರೀಕ್ಷೆ ಬರೆಯಕ್ಕಾಗಲ್ಲ. ನನ್ನ ವೇಗ, ನನ್ನ ಶಾರ್ಟ್‌ಕಟ್‌ಗಳು, ಅವೆಲ್ಲ ಎಲ್ಲಿ?”

“ಇದಾವೆ. ಹಳೇ ಫೋಲ್ಡರು ಬೇರೆ ಹೆಸರಲ್ಲಿ ಇಟ್ಟಿದೀನಿ. ವಾಪಸ್ ಹಾಕ್ಬೇಕು.” ಅವನ ಕೈ ಮತ್ತೆ ಡಬ್ಬಿಯ ಕಡೆ ಹೊರಟಿತು.

“ಬಾಯಿ ಮುಚ್ಚಿಸ್ಬೇಡ. ಹಾಗೇ ಮಾಡು.”

ಹಾಗೆಯೇ ಮಾಡಿದ. ಒಂದು ಆಜ್ಞೆ ಟೈಪ್ ಮಾಡಿದ. “ಅಂಥ ಆಜ್ಞೆ ಇಲ್ಲ,” ಅಂದ ವಾರ್ತೆಯಣ್ಣ. ಮತ್ತೆ ಮಾಡಿದ. “ಅಂಥ ಫೋಲ್ಡರ್ ಇಲ್ಲ.” ನೆಲದ ಮೇಲಿದ್ದ ಅಣ್ಣನಿಗೆ ಮತ್ತೆ ನಗು. “ಹೆಸರಲ್ಲಿ ಕೊನೇ ಅಕ್ಷರ ಎರಡು ಸಲ ಒತ್ತಿದೆ ನೀನು,” ಅಂದರು ಅತ್ತಿಗೆ, “ಅವನು ಒಂದೊಂದೇ ಹೇಳ್ತಿದಾನಲ್ಲ, ಕೇಳಿಸ್ತಿಲ್ವಾ?” ಕೇಳಿಸುತ್ತಿರಲಿಲ್ಲ. ಆರು ವರ್ಷದಿಂದ ಕೇಳಿಸಿಕೊಳ್ಳದೆ ಕಿವಿಗೆ ಅಭ್ಯಾಸವೇ ಇರಲಿಲ್ಲ. ಅಕ್ಷರ ಅಳಿಸಿ ಮೂರನೆಯ ಸಲ ಒತ್ತಿದ. ವಾರ್ತೆಯಣ್ಣನನ್ನು ಮಲಗಿಸಿ ಎಬ್ಬಿಸಿದ.

ತಗಡಿನ ಮೇಲೆ ಕಡಲೆ ಸುರಿದ ಸದ್ದು ಕೋಣೆಯನ್ನು ತುಂಬಿತು. ಅತ್ತಿಗೆಯ ಭುಜಗಳು ಕೆಳಗಿಳಿದವು. ಗಂಟೆ ಎರಡು ನಲವತ್ತೊಂಬತ್ತು.

“ಇಷ್ಟೇನಾ?” ಅಂದರು ಅವರು.

“ಏನು?”

“ಈ ಮೂರು ಸಾಲು. ಇದಕ್ಕೇನಾ ನೀನು ಪ್ರತಿ ಸಲ ಅರ್ಧ ದಿನ ಕೂರ್ತಿದ್ದೆ? ಜಟಿಲ, ಜಟಿಲ ಅಂತಿದ್ದೆ?”

ಲಿಫ್ಟ್‌ಗುರು ಎದ್ದು ಕುರ್ಚಿ ಬಿಟ್ಟುಕೊಟ್ಟ. ಅತ್ತಿಗೆ ಕೂತರು, ಎರಡು ಕೀಲಿ ಒತ್ತಿ ಸದ್ದನ್ನು ತಮಗೆ ಬೇಕಾದಷ್ಟಕ್ಕೆ ಇಳಿಸಿಕೊಂಡರು, ಪರೀಕ್ಷೆಯ ಪುಟ ತೆರೆದರು. “ಇಬ್ಬರೂ ಹೊರಗೆ ಹೋಗಿ ಬಾಗಿಲು ಎಳ್ಕೊಳ್ಳಿ,” ಅಂದರು.

ಅಣ್ಣತಮ್ಮಂದಿರು ಒಂದು ಗಂಟೆ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಕೀಬೋರ್ಡಿನ ಸದ್ದು ಒಂದು ಕ್ಷಣವೂ ನಿಲ್ಲದೆ ಬರುತ್ತಿತ್ತು. ಮೈದುನನಿಗೆ ನಾಚಿಕೆ ಒಂದೇ ಇದ್ದರೆ ಸಹಿಸಿಕೊಳ್ಳುತ್ತಿದ್ದ. ಅದು ಅವನಿಗೆ ಹಳೆಯ ಪರಿಚಯ. ಇವತ್ತು ಚುಚ್ಚುತ್ತಿದ್ದದ್ದು ಬೇರೆ. ಅವರ ಯಂತ್ರದ ಬಾಯಿ ಮುಚ್ಚಿಸಿ, ಅವರದೇ ಮನೆಯಲ್ಲಿ ಅವರನ್ನು ಹೊರಗೆ ನಿಲ್ಲಿಸಿ, ಆರು ವರ್ಷ ದೊಡ್ಡಮನುಷ್ಯನಾಗಿದ್ದೆನಲ್ಲ ಎನಿಸಿತು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಪಕ್ಕದಲ್ಲಿದ್ದವನು ಇನ್ನೂ ಲಿಫ್ಟ್‌ಗುರು ಎಂದು ಗೊಣಗಿಕೊಂಡು ನಗುತ್ತಿದ್ದ.

ನಾಲ್ಕಕ್ಕೆ ಬಾಗಿಲು ತೆರೆಯಿತು. ಅತ್ತಿಗೆ ಮಾತು ತಪ್ಪುವವರಲ್ಲ. ನಾಲ್ಕು ಐದರಿಂದ ನಾಲ್ಕು ಇಪ್ಪತ್ತರವರೆಗೆ ಬೈದರು. ಯಾವ ಕಾಗದವೂ ಇಲ್ಲದೆ, ಒಂದು ಮಾತನ್ನೂ ಎರಡನೆಯ ಸಲ ಹೇಳದೆ ಬೈದರು. ಮುಗಿದ ಮೇಲೆ, “ಟೀ ಕುಡ್ದು ಹೋಗು,” ಅಂದರು.

ಕೆಲಸ ಸಿಕ್ಕಿತು. ಈಗ ದಿನಕ್ಕೆ ನಾಲ್ಕು ಗಂಟೆ ಯಾರ್ಯಾರದೋ ಜಗಳ ಕೇಳಿ ಟೈಪ್ ಮಾಡುತ್ತಾರೆ. ಇಬ್ಬರು ಒಟ್ಟಿಗೆ ಕೂಗಾಡಿದರೂ ಯಾರು ಏನಂದರೆಂದು ಬಿಡಿಸಿ ಬರೆಯುವವರು ಆ ಕಚೇರಿಯಲ್ಲಿ ಅವರೊಬ್ಬರೇ ಅಂತೆ.

ತಿಂಗಳಾದ ಮೇಲೆ ಒಂದು ಭಾನುವಾರ ಅಪ್‌ಡೇಟ್ ಮಾಡಬೇಕು, ಬಾ ಎಂದು ಅವರೇ ಕರೆದರು. ಮೈದುನ ಹೋದಾಗ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು, ಇವನಿಗೆ ಮಣೆ. ಕೂತವನ ಕೈ ಹಾಳು ಅಭ್ಯಾಸದಿಂದ ಡಬ್ಬಿಯ ಹಿಂದೆ ಹೋಯಿತು. ಬೆರಳಿಗೆ ಬೋಳು ಕಡ್ಡಿಯೊಂದು ಚುಚ್ಚಿತು.

“ನಾಬ್ ಕಿತ್ತು ಡ್ರಾಯರಲ್ಲಿ ಇಟ್ಟಿದೀನಿ,” ಅಂದರು ಅತ್ತಿಗೆ, ತಿರುಗದೆ.

ಅವರೇ ಟೈಪ್ ಮಾಡಿದರು. ಒಂದು ಕಡೆ ತಪ್ಪಿದರು. “ಅಂಥ ಆಜ್ಞೆ ಇಲ್ಲ,” ಅಂದ ವಾರ್ತೆಯಣ್ಣ. ಇವತ್ತು ಮೈದುನನಿಗಾಗಿ ಅವನನ್ನು ನಿಧಾನ ಮಾಡಿದ್ದರು. “ಓ, ಹೌದಾ?” ಎಂದು ಅತ್ತಿಗೆ ನಕ್ಕು, ಸರಿಮಾಡಿ, ಮತ್ತೆ ಒತ್ತಿದರು. ಇಷ್ಟು ಸುಲಭವಾಗಿ ತಪ್ಪಬಹುದು ಎಂಬುದು ಮೈದುನನಿಗೆ ಗೊತ್ತಿರಲಿಲ್ಲ. ತಪ್ಪಿ, ನಕ್ಕು, ಮುಂದೆ ಹೋಗುವುದು; ಅಷ್ಟೇ.

ಪಟ್ಟಿ ಬಂತು. ವಾರ್ತೆಯಣ್ಣ ಒಂದೊಂದೇ ಹೆಸರು ಓದತೊಡಗಿದ. ನಾಲ್ಕನೆಯ ಹೆಸರಿಗೇ ಮೈದುನನ ಬೆರಳು ತೊಡೆಯ ಮೇಲೆ ಚಡಪಡಿಸತೊಡಗಿತು.

“ಕೊನೇಲಿ ಹೌದಾ ಬೇಡ್ವಾ ಅಂತ ಕೇಳ್ತಾನಲ್ಲ,” ಅಂದರು ಅತ್ತಿಗೆ, “ನೀನು ಏನು ಒತ್ತುತ್ತಿದ್ದೆ?”

“ಹೌದು ಅಂತ.”

“ಪಟ್ಟೀಲಿ ಏನಿರತ್ತೆ?”

ಮೈದುನ ಎರಡು ಕಣ್ಣಿಟ್ಟುಕೊಂಡು ಆರು ವರ್ಷ ಅದರ ಎದುರು ಕೂತಿದ್ದ.

“ಗೊತ್ತಿಲ್ಲ ಅತ್ತಿಗೆ,” ಅಂದ. “ಪೂರ್ತಿ ಓದಲಿ. ಕೇಳೋಣ.”

ಅತ್ತಿಗೆ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಇಬ್ಬರೂ ಕೂತು ಕೇಳಿದರು.